ಕತ್ತೆಕಿರುಬ ಯಾರಿಗೆ ಬಂತು

ನನ್ನ ಧ್ವನಿ ಊರಿನವರಿಗೆಲ್ಲ ಗೊತ್ತು, ಮುಖ ಗೊತ್ತಿರುವವರು ಕಡಿಮೆ. ಬೆಳಿಗ್ಗೆ ಸಫಾರಿಯ ಗೇಟು ತೆಗೆಯುವ ಮುಂಚೆ ಆಫೀಸಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ಮೈಕಿನಲ್ಲಿ ಸುದ್ದಿ ಓದುವುದು ನನ್ನ ಕೆಲಸ. ಮೊದಲು ಬಂದವರು, ಆಮೇಲೆ ಹುಟ್ಟಿದವರು, ಕೊನೆಗೆ ಹೋದವರು. ಯಾವ ಊರಿನಿಂದಲೋ ಲಾರಿಯಲ್ಲಿ ಬಂದಿಳಿದ ಜೀಬ್ರಾ, ಕೆರೆಯಾಚೆ ಕೃಷ್ಣಮೃಗ ಹಾಕಿದ ಮರಿ, ಜ್ವರ ಬಂದು ಸತ್ತ ಮುದಿ ಸಿಂಹ. ಬಸ್ ನಿಲ್ದಾಣ, ಸಂತೆ ಬೀದಿ, ಶಾಲೆ, ಎಲ್ಲ ಕಡೆಯೂ ನಮ್ಮ ಸ್ಪೀಕರುಗಳಿವೆ. ನಾನು ಓದುವಷ್ಟು ಹೊತ್ತು ಹೋಟೆಲಿನಲ್ಲಿ ಲೋಟ ತೊಳೆಯುವವರೂ ಕೈ ನಿಲ್ಲಿಸುತ್ತಾರೆ ಅಂತ ಕೇಳಿದ್ದೇನೆ. ಆ ಹೊತ್ತಿನಲ್ಲಿ ನಾನು ಯಾವತ್ತೂ ಹೋಟೆಲಿನಲ್ಲಿ ಇದ್ದವಳಲ್ಲ.

ನಮ್ಮಲ್ಲಿ ಸಫಾರಿಗೆ ಪ್ರಾಣಿಯೊಂದು ಬಂದರೆ, ಇಲ್ಲವೇ ಅಲ್ಲೇ ಹುಟ್ಟಿದರೆ, ಅದರ ಉಸಿರು ಊರಿನ ಯಾರಾದರೊಬ್ಬರ ಕಿವಿಗೆ ಬರುತ್ತದೆ. ಒಬ್ಬರಿಗೆ ಮಾತ್ರ. ಆ ಪ್ರಾಣಿ ಬದುಕಿರುವಷ್ಟು ಕಾಲವೂ ಅದು ಪಕ್ಕದಲ್ಲೇ ಮಲಗಿದೆಯೇನೋ ಅನ್ನುವಷ್ಟು ಹತ್ತಿರದಲ್ಲಿ ಕೇಳುತ್ತಲೇ ಇರುತ್ತದೆ. ‘ಅವರಿಗೆ ಆನೆ ಬಂದಿದೆ’, ‘ಆ ಹುಡುಗಿಗೆ ಜಿಂಕೆ ಬಂತಂತೆ’ ಎಂದು ನಾವು ಮಾತಾಡಿಕೊಳ್ಳುತ್ತೇವೆ. ಟೈಲರ್ ವೀರೇಶಪ್ಪನಿಗೆ ಬಂದಿರುವುದು ಕರಡಿ. ಮಧ್ಯಾಹ್ನ ಅದು ಗೊರಕೆ ಹೊಡೆಯಲು ಶುರು ಮಾಡಿದರೆ ಅವನಿಗೂ ರೆಪ್ಪೆ ಎಳೆಯುತ್ತದೆ, ಆಗ ಯಾರೂ ಅಳತೆ ಕೊಡಲು ಹೋಗುವುದಿಲ್ಲ. ಜಿಂಕೆ ಬಂದ ಮಕ್ಕಳನ್ನು ಶಾಲೆಯಲ್ಲಿ ಬಾಗಿಲ ಪಕ್ಕ ಕೂರಿಸುತ್ತಾರೆ, ಜಿಂಕೆ ಬೆದರಿದಾಗ ಅವರಿಗೂ ಒಂದು ಸುತ್ತು ಓಡಿ ಬರದೆ ಆಗುವುದಿಲ್ಲ. ಹೆಣ್ಣು ನೋಡಲು ಬಂದವರು ಅಡುಗೆ, ಓದು ಎಲ್ಲ ಕೇಳಿದ ಮೇಲೆ, ‘ಹುಡುಗಿಗೆ ಏನು ಬಂದಿದೆ?’ ಅಂತಲೂ ಕೇಳುತ್ತಾರೆ. ಹೊಸದಾಗಿ ಬಂದ ಪ್ರಾಣಿಗೆ ಅದು ಯಾರಿಗೆ ಬಂದಿದೆಯೋ ಅವರೇ ಹೋಗಿ ಮೊದಲ ತುತ್ತು ಇಡಬೇಕು. ಅಲ್ಲಿಯವರೆಗೆ ಅದು ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ.

ನನಗೆ ಏನೂ ಬಂದಿಲ್ಲ. ನಮ್ಮಂಥವರನ್ನು ಬರಿಕಿವಿಯವರು ಅನ್ನುತ್ತಾರೆ. ನಮ್ಮ ಅಮ್ಮನಿಗೆ ಒಂಟೆ ಬಂದಿತ್ತು. ನನ್ನ ಜೊತೆ ಏನೋ ಹೇಳುತ್ತಿದ್ದವಳು ನಡುವೆ ಸುಮ್ಮನಾಗಿ, ಒಂಟೆಯ ಉಸಿರು ಕೇಳಿಸಿಕೊಂಡು, ತನ್ನಷ್ಟಕ್ಕೆ ನಗುತ್ತಿದ್ದಳು. ಮಾತು ಮತ್ತೆ ನನ್ನ ಕಡೆ ತಿರುಗುವವರೆಗೂ ನಾನು ಕಾಯುತ್ತಿದ್ದೆ. ‘ಬರತ್ತೆ ಕಣೇ ವಿಶಾಲು, ನಿನಗೂ ಬರತ್ತೆ’ ಅನ್ನುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಹಾಗೆ ಅನ್ನುವವರೂ ಇಲ್ಲವಾದರು. ಮದುವೆಯ ಮಾತು ಬಂದು ಹೋಯಿತು, ತಲೆ ಅರ್ಧ ನೆರೆಯಿತು. ಮೈಕಿನ ಕೆಲಸವನ್ನು ನನಗೆ ಕೊಟ್ಟದ್ದು ಧ್ವನಿ ಚೆನ್ನಾಗಿದೆ ಎಂದಲ್ಲ. ಓದುವಾಗ ಕಿವಿಯಲ್ಲಿ ಬೇರೆ ಸದ್ದು ಇರಬಾರದು, ಅದಕ್ಕೆ ಬರಿಕಿವಿಯವರೇ ಆಗಬೇಕು.

ಆ ವರ್ಷ ಮಾವು ಹೂ ಬಿಡುವ ಹೊತ್ತಿಗೆ ಒಂದು ಕತ್ತೆಕಿರುಬ ಬಂತು. ಹೆಣ್ಣು. ನಮ್ಮಲ್ಲಿ ಅಲ್ಲಿಯವರೆಗೆ ಕತ್ತೆಕಿರುಬ ಇರಲಿಲ್ಲ. ‘ಬಂದವರು: ಒಂದು ಕತ್ತೆಕಿರುಬ. ಯಾರಿಗೆ ಬಂದಿದೆಯೋ ಅವರು ದಯವಿಟ್ಟು ಗೇಟಿಗೆ ಬರಬೇಕು’ ಎಂದು ಓದಿದೆ. ಸಾಮಾನ್ಯವಾಗಿ ನಾನು ಓದಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಗೇಟಿನ ಹತ್ತಿರ ಒಬ್ಬರು ನಿಂತಿರುತ್ತಾರೆ, ಜೊತೆಗೆ ಮನೆಮಂದಿ, ನೆಂಟರು, ಒಂದು ಬುಟ್ಟಿ ಬಾಳೆಹಣ್ಣು. ಅವತ್ತು ಯಾರೂ ಇರಲಿಲ್ಲ. ಮರುದಿನ ಓದಿದೆ, ಅದರ ಮರುದಿನವೂ ಓದಿದೆ. ಊರಿನಲ್ಲಿ ನಗೆಚಾಟಿಕೆ ಶುರುವಾಯಿತು. ಹೆಣ ಕೆದಕುವ ಪ್ರಾಣಿ, ಕೇಕೆ ಹಾಕುವ ಪ್ರಾಣಿ, ಯಾವ ಮಹಾನುಭಾವರ ಕಿವಿಯಲ್ಲಿ ಕೂತಿದೆಯೋ ಎಂದು ಬಸ್ಸಿನಲ್ಲಿ ಒಬ್ಬರ ಕಿವಿಗೊಬ್ಬರು ಮೂಗು ಒಡ್ಡಿ ಮೂಸುವ ಆಟ ಆಡುತ್ತಿದ್ದರು.

ಅದನ್ನು ನೋಡಿಕೊಳ್ಳುತ್ತಿದ್ದವನು ಮೌಲಾಸಾಬ್. ಒಂದು ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ಇವತ್ತು ಸ್ವಲ್ಪ ಜೋರಾಗಿ ಓದ್ರಕ್ಕ,” ಅಂದ.

“ಜೋರಾಗೇ ಓದ್ತಿದೀನಲ್ಲಪ್ಪ.”

“ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ಟೈತೆ. ನೀರು ಕುಡಿಯೋದು ಬಿಟ್ರೆ ಏನಿಲ್ಲ. ಹೊಟ್ಟೇಲಿ ಮರಿ ಬೇರೆ ಐತಂತೆ, ಡಾಕ್ಟ್ರು ಹೇಳಿದ್ರು. ಯಾರೋ ಕೇಳಿಸ್ಕೊಂಡೂ ಕೇಳದಂಗೆ ಕೂತವ್ರೆ. ಅವರಿಗೆ ಅನ್ನ ಹೆಂಗೆ ಗಂಟಲಾಗೆ ಇಳೀತದೋ.”

ಅವತ್ತು ಜೋರಾಗಿ ಓದಿದೆ. ಸಂಜೆ ಹೊತ್ತಿಗೆ, ನಾನು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿರುವಾಗ, ಗ್ರಂಧಿಗೆ ಅಂಗಡಿಯವರ ಮಗಳು ನೀಲಾಂಬಿಕೆ ಬಂದಳು. ಅವರ ಅಂಗಡಿಯಲ್ಲಿ ನಾನು ಊದಿನಕಡ್ಡಿ, ವಿಭೂತಿ ಕೊಳ್ಳುತ್ತಿದ್ದೆ, ಅಷ್ಟೇ ಪರಿಚಯ. ಆ ಹುಡುಗಿಯೂ ನನ್ನ ಹಾಗೆ ಬರಿಕಿವಿ ಎಂದು ಗೊತ್ತಿತ್ತು. ಮದುವೆ ನಿಶ್ಚಯವಾಗಿದೆ ಅನ್ನುವುದೂ ಗೊತ್ತಿತ್ತು. ಮೇಲಿನ ಬೀದಿಯ ಸಿದ್ದಮ್ಮನವರ ಮಗ ಹುಡುಗ. ಒಳಗೆ ಕರೆದೆ. ಬಂದವಳು ಕೂರಲಿಲ್ಲ.

“ಅಕ್ಕಾ, ಅದು ನನಗೆ ಬಂದಿದೆ,” ಅಂದಳು.

ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದುಕೊಂಡು ನಿಂತೆ.

“ಲಾರಿ ಊರೊಳಗೆ ಬಂದ ದಿನಾನೇ ಬಂತು. ಕ್ಷೀಣ ಆಗ್ತಾ ಇದೆ ಅಕ್ಕಾ ಉಸಿರು. ನಿನ್ನೆಗಿಂತ ಇವತ್ತು ಕಮ್ಮಿ. ನಾನು ಊಟಕ್ಕೆ ಕೂತ್ರೆ ಅದು ಇನ್ನೂ ಮೆತ್ತಗಾಗುತ್ತೆ.” ಅಳುತ್ತಿರಲಿಲ್ಲ. ಕಣ್ಣು ಒಣಗಿ ಕೆಂಪಾಗಿತ್ತು. “ಸಿದ್ದಮ್ಮನವರು ಶಾಸ್ತ್ರದ ದಿನ ಎಲ್ಲರೆದುರಿಗೆ ಕೇಳಿದ್ರು. ಬರಿಕಿವಿ ಆದ್ರೆ ಆಗ್ಲಿ, ಕೆಟ್ಟದ್ದೇನೂ ಬಂದಿಲ್ಲ ತಾನೆ ಅಂತ. ಅವರ ಮನೇಲಿ ಮುತ್ತಜ್ಜನ ಕಾಲದಿಂದ ಜಿಂಕೆ, ನವಿಲು ಬಿಟ್ರೆ ಬೇರೆ ಬಂದಿಲ್ಲ. ಇದು ಗೊತ್ತಾದ್ರೆ ಅಪ್ಪ ಅಂಗಡಿ ಬಾಗಿಲು ತೆಗೆಯೋ ಹಾಗಿಲ್ಲ.”

“ಹಾಗಾದ್ರೆ ನನ್ನ ಹತ್ರ ಯಾಕಮ್ಮ ಬಂದೆ?”

“ನಿಮಗೆ ಬಂತು ಅಂತ ಹೇಳ್ಬಿಡಿ ಅಕ್ಕಾ. ನಿಮ್ಮನ್ನ ಕೇಳೋರು ಯಾರಿದ್ದಾರೆ?”

ಹೇಳಿದ ಮೇಲೆ ಅವಳಿಗೇ ಆ ಮಾತು ಕುಟುಕಿತು ಅಂತ ಕಾಣುತ್ತದೆ, ತುಟಿ ಕಚ್ಚಿಕೊಂಡಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ, ನನ್ನಿಂದ ಮಾತ್ರ ಆಗುವಂಥದ್ದು ಏನನ್ನಾದರೂ ಬೇಡಿಕೊಂಡು ನನ್ನ ಮನೆಗೆ ಬಂದವರೂ ಯಾರಿರಲಿಲ್ಲ. ಬೆಳಿಗ್ಗೆ ಪಾರ್ಕಿಗೆ ಬಾ ಅಂದೆ.

ಮರುದಿನ ಸುದ್ದಿಯಲ್ಲಿ ನನ್ನ ಹೆಸರನ್ನು ನಾನೇ ಓದಿದೆ. ‘ಕತ್ತೆಕಿರುಬ ವಿಶಾಲಾಕ್ಷಿಯವರಿಗೆ ಬಂದಿದೆ.’ ಓದಿ ಹೊರಬಂದರೆ ಗೇಟಿನ ಹತ್ತಿರ ಜನವೋ ಜನ. ನಗುವವರು, ಅಯ್ಯೋ ಅನ್ನುವವರು, ‘ತಡವಾದ್ರೂ ಬಂತಲ್ಲ, ಬಿಡಿ’ ಅನ್ನುವವರು. ಸೂಪರಿಂಟೆಂಡೆಂಟರು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಸದ್ದು ಯಾವುದು ಅಂತ ಗೊತ್ತಾಗಲಿಲ್ಲ ಸಾರ್, ಮೊದಲ ಸಲ ಅಲ್ಲವೇ ಅಂದೆ. ಅವರಿಗೆ ಅದು ಸರಿಯೆನಿಸಿತು. ಮೌಲಾಸಾಬ್ ಕೊಟ್ಟ ಮಾಂಸದ ಬೋಗುಣಿಯನ್ನು ಜಾಲರಿಯ ಕೆಳಗಿನ ಕಂಡಿಯಿಂದ ಒಳಗೆ ನೂಕಿದೆ. ಅದು ಗೋಡೆಯ ಕಡೆಯಿಂದ ತಿರುಗಲೇ ಇಲ್ಲ. ಬೆನ್ನಿನ ಮೇಲಿನ ಕೂದಲು ಗಾಳಿಗೆ ಅಲ್ಲಾಡುತ್ತಿತ್ತು, ಅಷ್ಟೇ. ಹಿಂದಿನಿಂದ ಜನ ಪಿಸುಗುಡಲು ಶುರು ಮಾಡಿದರು. ಬೋಗುಣಿಯನ್ನು ಎಳೆದು ಮತ್ತೊಮ್ಮೆ ನೂಕಿದೆ. ಆಗ ನೀಲು ಮುಂದೆ ಬಂದು, “ಅಕ್ಕನಿಗೆ ಕೈ ನಡುಗ್ತಿದೆ, ನಾನು ಹಿಡ್ಕೋತೀನಿ” ಎಂದಳು. ಮಾಂಸವನ್ನು ಕಣ್ಣಿನಿಂದಲೂ ಸರಿಯಾಗಿ ನೋಡದ ಮನೆಯ ಹುಡುಗಿ. ಬಾಯಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಕೈಯಿಂದ ಒಂದು ತುಂಡು ಎತ್ತಿ ಬೋಗುಣಿಯ ಮೇಲಿಟ್ಟು ಒಳಗೆ ತಳ್ಳಿದಳು. ಕತ್ತೆಕಿರುಬ ತಲೆ ಎತ್ತಿತು. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ, ಬೆಟ್ಟ ಇಳಿದು ಬರುವಂಥ ನಡಿಗೆ. ಬಂದು ಬೋಗುಣಿಗೆ ಬಾಯಿ ಹಾಕಿತು. ಜನ ಚಪ್ಪಾಳೆ ತಟ್ಟಿದರು. ಮೌಲಾಸಾಬ್ ನೀಲುವಿನ ಕೈಯನ್ನೇ ಒಂದು ಗಳಿಗೆ ನೋಡಿ, ನೀರು ತರುತ್ತೇನೆಂದು ಹೊರಟುಹೋದ.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ. ನನ್ನ ಬಾಗಿಲು ಬಡಿಯುವ ಸದ್ದು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದೇ ಆವಾಗ. ಹೊಸದಾಗಿ ಬಂದವರ ಮನೆಗೆ ಹೆಂಗಸರು ಅರಿಶಿನ ಕುಂಕುಮ ತರುವುದು ನಮ್ಮಲ್ಲಿ ರೂಢಿ. ಮೂಗು ಸಿಂಡರಿಸಿಕೊಂಡಾದರೂ ತಂದರು. ವೀರೇಶಪ್ಪ ನನ್ನ ರವಿಕೆ ಅಳತೆಗೆ ಕಾಯಿಸದೆ, “ನಿಮ್ದು ಮಧ್ಯಾಹ್ನ ಮಲಗುತ್ತಾ?” ಎಂದು ವಿಚಾರಿಸಿದ. ಹೂವಿನವಳು ಒಂದು ಮೊಳ ಹೆಚ್ಚಿಗೆ ಅಳೆದಳು. ದಾರಿಯಲ್ಲಿ ಸಿಕ್ಕವರು, “ಹೇಗಿದೆ ನಿಮ್ಮದು?” ಎಂದು ಕೇಳಿ ನಿಲ್ಲುತ್ತಿದ್ದರು. ನಾನು, “ಚೆನ್ನಾಗಿದೆ, ಬಿಸಿಲಿಗೆ ಸ್ವಲ್ಪ ಏದುತ್ತೆ” ಎಂದು ಹೇಳುತ್ತಿದ್ದೆ. ಅದನ್ನು ನನಗೆ ಹೇಳಿಕೊಟ್ಟವಳು ನೀಲು.

ಅವಳು ದಿನವೂ ಬರುತ್ತಿದ್ದಳು. ಒಂಟಿ ಹೆಂಗಸಿಗೆ ಸಹಾಯಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದಳು, ಅವರಿಗೂ ಅದು ಪುಣ್ಯದ ಕೆಲಸವೆನಿಸಿತ್ತು. ನಾನು ಬೋಗುಣಿ ಹಿಡಿಯುತ್ತಿದ್ದೆ, ಅವಳು ತುಂಡು ಇಡುತ್ತಿದ್ದಳು. ಆಮೇಲೆ ಇಬ್ಬರೂ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂರುತ್ತಿದ್ದೆವು. ಸಫಾರಿ ಬಸ್ಸುಗಳು ಧೂಳೆಬ್ಬಿಸಿಕೊಂಡು ಹುಲಿಯ ಕಡೆ ಹೋಗುತ್ತಿದ್ದವು, ಕತ್ತೆಕಿರುಬದ ಮುಂದೆ ಯಾವ ಬಸ್ಸೂ ನಿಲ್ಲುತ್ತಿರಲಿಲ್ಲ. ಒಂದು ದಿನ ಕೇಳಿದೆ:

“ಹೇಗಿರುತ್ತೆ ನೀಲು ಅದು? ಸದ್ದು?”

ಅವಳು ಸ್ವಲ್ಪ ಯೋಚಿಸಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಉಸಿರಾಡಿ ತೋರಿಸಿದಳು. ಮೊದಲು ಎರಡು ಗಿಡ್ಡ, ಆಮೇಲೆ ಒಂದು ಉದ್ದ, ಕೊನೆಯಲ್ಲಿ ಸಣ್ಣದೊಂದು ಗೊರ್ ಎನ್ನುವ ಸದ್ದು. ಬಿಸಿಯಾಗಿತ್ತು, ಏಲಕ್ಕಿ ವಾಸನೆ ಇತ್ತು. ಇನ್ನೊಂದು ಸಲ ತೋರಿಸು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಅವಳು ಗಂಡಾಗುವವನ ಬಗ್ಗೆ ಹೇಳುತ್ತಿದ್ದಳು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ಒಳ್ಳೆಯವನು, ಅವನಿಗೆ ಕಡವೆ ಬಂದಿದೆ, ಮಾತಾಡುವಾಗ ಕತ್ತು ಎತ್ತಿ ದೂರ ನೋಡುತ್ತಾನೆ. ಅತ್ತೆಯಾಗುವವರ ಬಗ್ಗೆ ಮಾತ್ರ ಭಯ. ಸಿದ್ದಮ್ಮನವರಿಗೆ ಹೆಣ್ಣುನವಿಲು ಬಂದಿತ್ತಂತೆ. ಅದು ಸತ್ತು ಎಷ್ಟೋ ವರ್ಷವಾಗಿತ್ತು, ಆಮೇಲೆ ಅವರಿಗೆ ಬೇರೆ ಏನೂ ಬರಲಿಲ್ಲ. “ಅವರ ಮುಂದೆ ಇದ್ದಾಗ ಇದು ಕೇಕೆ ಹಾಕಿದ್ರೆ ನನ್ನ ಮುಖ ಹೇಗಾಗುತ್ತೋ ಅಂತ ಎದೆ ಹೊಡ್ಕೊಳ್ತಿರುತ್ತೆ” ಅನ್ನುತ್ತಿದ್ದಳು. ನಾನು ಅಭ್ಯಾಸ ಮಾಡಿಸುತ್ತಿದ್ದೆ. ಕೇಕೆ ಬಂದ ಕೂಡಲೇ ಕೆಮ್ಮಿಬಿಡು, ಸೆರಗಿನಲ್ಲಿ ಮುಖ ಒರೆಸಿಕೋ ಎಂದೆಲ್ಲ. ಇಬ್ಬರೂ ಕೆಮ್ಮಿ ಕೆಮ್ಮಿ ನಗುತ್ತಿದ್ದೆವು. ನಾನು ಅಷ್ಟು ನಕ್ಕಿದ್ದನ್ನು ಮೌಲಾಸಾಬ್ ಬಿಟ್ಟರೆ ಬೇರೆ ಯಾರೂ ನೋಡಿಲ್ಲ.

ಮಳೆಗಾಲಕ್ಕೆ ಮುಂಚೆ ಅದು ಮರಿ ಹಾಕಿತು. ಎರಡು ಹುಟ್ಟಿದವು, ಅದರಲ್ಲೊಂದು ಕಣ್ಣು ಬಿಡುವ ಮೊದಲೇ ಹೋಯಿತು. ಅದರ ಉಸಿರು ಯಾರ ಕಿವಿಯನ್ನೂ ತಲುಪಿದಂತೆ ಕಾಣಲಿಲ್ಲ, ಅಷ್ಟು ಬೇಗ. ಒಂದೇ ಬೆಳಿಗ್ಗೆ ಹುಟ್ಟಿದವರಲ್ಲಿ ಎರಡು ಎಂದು ಓದಿ, ಹೋದವರಲ್ಲಿ ಒಂದು ಎಂದು ಓದಿದೆ. ಓದುತ್ತ ಓದುತ್ತ, ಉಳಿದ ಮರಿ ಯಾರಿಗೆ ಬಂದಿರಬಹುದು ಎಂದು ಯೋಚಿಸಿದೆ. ಯಾರಿಗೆ ಎಂದು ಯೋಚಿಸಿದೆ ಅನ್ನುವುದು ಪೂರ್ತಿ ನಿಜವಲ್ಲ. ಮೈಕು ಆರಿಸಿ, ಕೋಣೆಯ ಬಾಗಿಲು ಹಾಕಿ, ಫ್ಯಾನೂ ನಿಲ್ಲಿಸಿ ಕೂತು ಕೇಳಿಸಿಕೊಂಡೆ. ದೂರದಲ್ಲಿ ಒಂದು ಲಾರಿ ಗೇರು ಬದಲಿಸಿತು. ಬೇರೆ ಏನೂ ಇರಲಿಲ್ಲ.

ನಾನೂ ನೀಲುವೂ ಬೋಗುಣಿ ತೆಗೆದುಕೊಂಡು ಹೋಗುವಷ್ಟರಲ್ಲಿ ಬೋನಿನ ಮುಂದೆ ಸಿದ್ದಮ್ಮ ನಿಂತಿದ್ದರು. ಎತ್ತರದ ಹೆಂಗಸು. ಯಾವಾಗಲೂ ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ ನೋಡಿದ್ದೆ, ಅವತ್ತು ಮನೆಯಲ್ಲಿ ಉಡುವ ಹಳೇ ಸೀರೆಯಲ್ಲಿದ್ದರು, ತಲೆ ಬಾಚಿರಲಿಲ್ಲ. ನೀಲು ನನ್ನ ಹಿಂದೆ ಸರಿದಳು.

“ಮರಿ ನನಗೆ ಬಂದಿದೆ,” ಅಂದರು ಸಿದ್ದಮ್ಮ. ಯಾರನ್ನೂ ಕೇಳುವ ಧ್ವನಿಯಲ್ಲ, ಯಾರಿಗೂ ಹೆದರುವ ಧ್ವನಿಯೂ ಅಲ್ಲ. “ನವಿಲು ಹೋದಾಗಿಂದ ಈ ಕಿವಿ ಪಾಳು ಬಾವಿ ಆಗಿತ್ತು ಕಣಮ್ಮ. ಬೆಳಿಗ್ಗೆ ಒಲೆ ಮುಂದೆ ಕೂತಿದ್ದೆ, ಇಷ್ಟೇ ಇಷ್ಟು ಉಸಿರು, ಸೂಜಿಯಿಂದ ಚುಚ್ಚಿದ ಹಾಗೆ. ಹಾಲು ಉಕ್ಕಿಹೋಯ್ತು, ಏಳಲೇ ಇಲ್ಲ ನಾನು.” ಕಣ್ಣೊರೆಸಿಕೊಂಡು ನನ್ನನ್ನು ನೋಡಿ ನಕ್ಕರು. “ತಾಯಿ ನಿಮಗೆ, ಮರಿ ನನಗೆ. ನಾವಿಬ್ಬರೂ ಬೀಗರಾದ ಹಾಗಾಯ್ತು. ಒಂದು ಹೇಳಿ, ಮರಿ ಹಾಲು ಕುಡಿಯೋವಾಗ ತಾಯಿ ಉಸಿರು ಹೇಗಿರುತ್ತೆ? ನನಗೆ ಮರಿದೊಂದೇ ಕೇಳೋದು. ಅದಕ್ಕೆ ಹಾಲು ಸಾಕಾಗ್ತಿದೆಯೋ ಇಲ್ವೋ ಅಂತ ಒಂದೇ ಯೋಚನೆ.”

ನನಗೆ ಬಿಸಿಲಿಗೆ ಏದುತ್ತೆ ಅನ್ನುವುದು ಗೊತ್ತಿತ್ತು, ಮಧ್ಯಾಹ್ನ ಮಲಗುತ್ತೆ ಅನ್ನುವುದು ಗೊತ್ತಿತ್ತು. ಹಾಲೂಡುವಾಗ ಹೇಗೆ ಎಂದು ನೀಲು ನನಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಏನೋ ಒಂದು ಹೇಳಿದರೆ ಆಗುತ್ತಿತ್ತು. ಆದರೆ ಆ ಹೆಂಗಸು ಕೇಳುತ್ತಿದ್ದ ರೀತಿ ನೋಡಿದರೆ ಏನೋ ಒಂದು ಹೇಳಲು ಬಾಯಿ ಬರಲಿಲ್ಲ.

“ತಡೆದು ತಡೆದು ಬಿಡುತ್ತೆ ಅತ್ತೆ,” ಎಂದಳು ನೀಲು ನನ್ನ ಹಿಂದಿನಿಂದ. “ಮರಿ ಬಾಯಿ ಹಾಕಿದಾಗ ಉಸಿರು ಹಿಡ್ಕೊಳ್ಳುತ್ತೆ. ಅದು ಬಿಟ್ಟ ಮೇಲೆ ಉದ್ದಕ್ಕೆ ಬಿಡುತ್ತೆ. ಬೆಳಿಗ್ಗೆಯಿಂದ ಹಾಗೇನೇ. ಸಾಕಾಗ್ತಿದೆ. ಸಾಕಾಗದಿದ್ರೆ ತಾಯಿ ಇಷ್ಟು ಸಮಾಧಾನವಾಗಿ ಇರ್ತಿರಲಿಲ್ಲ.”

ಹೊಂಗೆ ಮರದಲ್ಲಿ ಗುಬ್ಬಿಗಳು ಗಲಾಟೆ ಮಾಡುತ್ತಿದ್ದವು. ಸಿದ್ದಮ್ಮ ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಬೋಗುಣಿಯನ್ನು ನೋಡಿದರು, ನೀಲುವನ್ನು ನೋಡಿದರು.

“ನಿನಗಾ?” ಅಂದರು.

ನೀಲು ಹೌದೆಂದು ತಲೆಯಾಡಿಸಿದಳು.

“ಮೊದಲಿಂದಾನಾ?”

“ಹೂಂ ಅತ್ತೆ.”

“ಹೇಳಬಾರದಿತ್ತೇನೇ ಹುಡುಗಿ,” ಎಂದರು ಸಿದ್ದಮ್ಮ. ಆಮೇಲೆ, “ಹೇಳಿದ್ದಿದ್ರೆ ಒಪ್ತಿದ್ನೋ ಇಲ್ವೋ, ಆಣೆ ಇಟ್ಟು ಹೇಳಲಾರೆ. ನಿನ್ನೆಯವರೆಗೂ ನಾನು ಬೇರೆಯವಳೇ” ಅಂದರು. ಕೈ ಚಾಚಿ ಅವಳನ್ನು ಹತ್ತಿರ ಕರೆದು ಜಾಲರಿಯ ಪಕ್ಕ ಕರೆದೊಯ್ದರು. ಇಬ್ಬರೂ ಕತ್ತಲೆ ಮೂಲೆಯ ಕಡೆ ಬಗ್ಗಿ ನೋಡುತ್ತ, ಇವಳು ತಾಯಿಯದನ್ನು, ಅವರು ಮರಿಯದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಈಗ ಕುಡೀತು, ಈಗ ಬಿಟ್ಟಿತು, ಈಗ ಸೀನಿತು. ನಾನು ಬೋಗುಣಿ ಹಿಡಿದುಕೊಂಡು ನಿಂತೇ ಇದ್ದೆ. ಕೊನೆಗೆ ಮೌಲಾಸಾಬ್ ಬಂದು, “ಕೊಡ್ರಕ್ಕ ಇತ್ತ, ಭಾರ ಐತೆ” ಎಂದು ಅದನ್ನು ತೆಗೆದುಕೊಂಡ.

ಮರುದಿನದ ಸುದ್ದಿಯಲ್ಲಿ ತಿದ್ದುಪಡಿಯನ್ನೂ ನಾನೇ ಓದಿದೆ. ಸೂಪರಿಂಟೆಂಡೆಂಟರು ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದರು. ಉತ್ತರಕ್ಕೆ ಕಾಯದೆ, ಹೋಗಲಿ ಬಿಡಿ, ಪ್ರಾಣಿ ಉಳೀತಲ್ಲ ಎಂದು ಅವರೇ ಮುಗಿಸಿದರು. ಊರಿನವರೂ ಬೈಯಲಿಲ್ಲ. ಬೈದಿದ್ದರೆ ಎರಡು ಮಾತಾದರೂ ಆಡಿದಂತಾಗುತ್ತಿತ್ತು. ಹೂವಿನವಳು ಮೊಳ ಸರಿಯಾಗಿ ಅಳೆದಳು. ವೀರೇಶಪ್ಪ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಅಳತೆ ತೆಗೆದುಕೊಂಡ. ದಾರಿಯಲ್ಲಿ ಸಿಕ್ಕವರು ಒಂದು ನಗೆ ನಕ್ಕು ಮುಂದಕ್ಕೆ ಹೋಗುತ್ತಿದ್ದರು, ಮೊದಲಿನ ಹಾಗೆಯೇ. ಮೊದಲು ಅದು ನನಗೆ ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತಿತ್ತು.

ಮದುವೆಗೆ ಕರೆದರು. ಹೋಗಿ ಮೂರನೇ ಪಂಕ್ತಿಯಲ್ಲಿ ಕೂತು ಊಟ ಮಾಡಿ ಬಂದೆ. ನೀಲು ಮಂಟಪದಿಂದಲೇ ನನ್ನನ್ನು ಹುಡುಕಿ ಕೈ ಮುಗಿದಳು. ಆಮೇಲೆ ಅವಳೂ ಅತ್ತೆಯೂ ಬೆಳಿಗ್ಗೆಯೇ ಪಾರ್ಕಿಗೆ ಬಂದು ಹೋಗುತ್ತಿದ್ದರು, ನಾನು ಮೈಕಿನ ಮುಂದೆ ಇರುವ ಹೊತ್ತಿಗೆ. ಗಾಜಿನ ಕಿಟಕಿಯಿಂದ ಅವರು ಹೋಗುವುದು ಕಾಣುತ್ತಿತ್ತು. ಒಂದೆರಡು ಸಲ ಕಿಟಕಿ ತಟ್ಟಿ, “ಬನ್ನಿ ಅಕ್ಕಾ ಮನೆ ಕಡೆ” ಎಂದು ಸನ್ನೆ ಮಾಡಿದ್ದಳು. ಬರುತ್ತೇನೆ ಎಂದು ನಾನೂ ಸನ್ನೆ ಮಾಡಿದ್ದೆ. ಯಾವ ನೆಪ ಹೇಳಿಕೊಂಡು ಹೋಗಲಿ? ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಬ್ಬಳೇ ಕಲ್ಲುಬೆಂಚಿಗೆ ಹೋಗಿ ಕೂರುತ್ತಿದ್ದೆ. ಮರಿ ದೊಡ್ಡದಾಗುತ್ತಿತ್ತು, ತಾಯಿಯ ಬಾಲ ಕಚ್ಚಿ ಎಳೆಯುತ್ತಿತ್ತು. ತಾಯಿ ಒಮ್ಮೊಮ್ಮೆ ನನ್ನ ಕಡೆ ನೋಡುತ್ತಿತ್ತು. ಬೋಗುಣಿ ಇಲ್ಲ ಎಂದು ಗೊತ್ತಾದ ಮೇಲೆ ಬೇರೆ ಕಡೆ ನೋಡುತ್ತಿತ್ತು.

ಎರಡು ಮಳೆಗಾಲ ಕಳೆದ ಮೇಲೆ ತಾಯಿ ಕತ್ತೆಕಿರುಬಕ್ಕೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ಡಾಕ್ಟರು ಮಾಡುವಷ್ಟು ಮಾಡಿದರು. ಒಂದು ಬೆಳಿಗ್ಗೆ ನಾನು ಮೈಕಿನ ಧೂಳು ಒರೆಸುತ್ತಿರುವಾಗ ಮೌಲಾಸಾಬ್ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೇ ಕೂತ.

“ಹೋಯ್ತಕ್ಕ,” ಅಂದ.

ಬಂದವರನ್ನು ಓದಿದೆ: ಒಂದು ಜೋಡಿ ಹೆಬ್ಬಾತು. ಹುಟ್ಟಿದವರನ್ನು ಓದಿದೆ: ಚುಕ್ಕೆ ಜಿಂಕೆಯ ಮರಿ, ಕೆರೆಯ ಹತ್ತಿರ ಮೊಸಳೆ ಮರಿಗಳು. ಆಮೇಲೆ ಹೋದವರನ್ನು ಓದಿದೆ. ಅಷ್ಟು ವರ್ಷದ ಅಭ್ಯಾಸ, ಗಂಟಲು ತನ್ನ ಪಾಡಿಗೆ ಓದಿಕೊಂಡು ಹೋಗುತ್ತದೆ. ಓದಿ ಮುಗಿಸಿ ರಜೆ ಹೇಳಿ ಮನೆಗೆ ಬಂದೆ. ಪ್ರಾಣಿ ಸತ್ತು ಯಾರ ಕಿವಿ ಆರಿದೆಯೋ ಅವರ ಮನೆಗೆ ಊರಿನವರು ಅಡುಗೆ ಮಾಡಿ ಒಯ್ಯುತ್ತಾರೆ, ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಬರಬೇಕಾದ್ದೂ ಇಲ್ಲ. ಹೆಸರುಬೇಳೆ ಸಾರು ಮಾಡಿ, ಅನ್ನ ಬಸಿದು, ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಮೇಲಿನ ಬೀದಿಗೆ ನಡೆದೆ.

ಜಗಲಿಯ ತುಂಬ ಚಪ್ಪಲಿಗಳು. ಸಿದ್ದಮ್ಮ ಬಾಗಿಲಲ್ಲೇ ಬುಟ್ಟಿ ತೆಗೆದುಕೊಂಡರು. “ಒಳಗೆ ಹೋಗು,” ಅಂದರು ಮೆಲ್ಲಗೆ. ಅವತ್ತೇ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು. “ಬೆಳಗಿಂದ ಒಂದು ಮಾತಾಡಿಲ್ಲ. ನಮ್ಮ ಮನೇಲಿ ಎಲ್ಲರ ಕಿವಿಯಲ್ಲೂ ಏನಾದ್ರೊಂದು ಇದೆ. ನಾವು ಏನಂತ ಹೇಳೋಣ? ನಾನು ಬಾಯಿ ತೆಗೆದ್ರೆ ಮರಿ ವಿಷಯಾನೇ ಬಂದುಬಿಡುತ್ತೆ.”

ನೀಲು ನಡುಮನೆಯ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಂದು ಕೈಯಿಂದ ಕಿವಿ ಮುಚ್ಚಿಕೊಂಡು, ತೆಗೆದು, ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಹೊರಗೆ ಜನ ಪಿಸುಮಾತಿನಲ್ಲಿ ಬಂದು ಹೋಗುತ್ತಿದ್ದರು.

“ಮುಚ್ಚಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ,” ಎಂದಳು ಕೊನೆಗೆ. “ಮೊದಲು ನಾನೂ ಬರಿಕಿವಿಯವಳೇ ಆಗಿದ್ದೆನಲ್ಲ ಅಕ್ಕಾ, ಆಗ ಹೀಗಿರಲಿಲ್ಲ. ಆಗ ಏನಿಲ್ಲ ಅಂತ ಗೊತ್ತೇ ಇರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನಿಮಗೆ ಯಾವಾಗ್ಲೂ ಹೀಗೇನಾ?”

“ನಿನ್ನಷ್ಟು ಅಲ್ಲ. ನನಗೆ ಬಂದು ಹೋಗಿಲ್ಲವಲ್ಲ.”

“ಆದ್ರೂ. ಹೇಗಿರ್ತೀರ?”

ಯಾರೂ ಕೇಳಿರಲಿಲ್ಲ, ಹಾಗಾಗಿ ನಾನೂ ಯಾರಿಗೂ ಹೇಳಿರಲಿಲ್ಲ. ಹೇಳಿದೆ. ಎದ್ದ ಕೂಡಲೇ ರಸ್ತೆ ಕಡೆಯ ಕಿಟಕಿ ತೆಗೆದುಬಿಡುತ್ತೇನೆ ಅಂದೆ. ಅನ್ನಕ್ಕಿಟ್ಟ ಪಾತ್ರೆಯ ಮುಚ್ಚಳವನ್ನು ಓರೆ ಮಾಡಿ ಇಡುತ್ತೇನೆ, ಕುದಿಯುವಾಗ ಟಕಟಕ ಅನ್ನುತ್ತದೆ. ಪೇಪರನ್ನು ಜೋರಾಗಿ ಓದಿಕೊಳ್ಳುತ್ತೇನೆ, ಜಾಹೀರಾತೂ ಬಿಡದೆ. ಭಾನುವಾರ ಬಹಳ ಕಷ್ಟ, ಅವತ್ತು ಯಾವ ಕಾರಣವೂ ಇಲ್ಲದೆ ಬಸ್ ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಕಂಡಕ್ಟರಿಗೆ ನನ್ನ ಗುರುತಿದೆ, ಕೇಳುವುದಿಲ್ಲ. ಅವಳು ಕಿವಿಯಿಂದ ಕೈ ತೆಗೆದು ಒಂದೊಂದನ್ನೂ ಕೇಳಿಸಿಕೊಂಡಳು, ಅಡುಗೆ ಹೇಳಿಸಿಕೊಳ್ಳುವವರ ಹಾಗೆ.

“ರೂಢಿ ಆಗುತ್ತಾ ಅಕ್ಕಾ?”

ಆಗುತ್ತೆ ಅನ್ನಬೇಕೆಂದುಕೊಂಡೆ. ಊರಿನವರು ಅವತ್ತು ಅವಳಿಗೆ ಅದನ್ನೇ ಎಷ್ಟು ಸಲ ಹೇಳಿರಬಹುದು.

“ಇಲ್ಲ,” ಅಂದೆ. “ಆದ್ರೆ ಇರಬಹುದು.”

ಅವಳು ನಿಟ್ಟುಸಿರು ಬಿಟ್ಟಳು. ಸ್ವಲ್ಪ ಹಗುರಾದಳೇನೋ ಅನ್ನಿಸಿತು. ಸಿದ್ದಮ್ಮ ಒಂದು ಬಾಳೆಯೆಲೆ ತಂದು ಅವಳ ಮುಂದೆ ಹಾಸಿದರು. ಕಿವಿ ಆರಿದವರು ಆ ಮೊದಲ ಊಟವನ್ನು ಒಬ್ಬರೇ ಮಾಡಬೇಕು, ಪಕ್ಕದಲ್ಲಿ ಇನ್ನೊಂದು ಎಲೆ ಹಾಕುವ ಹಾಗಿಲ್ಲ. ನಾನು ಏಳಲು ಹೋದೆ. ನೀಲು ನನ್ನ ಮೊಣಕೈ ಹಿಡಿದುಕೊಂಡಳು.

“ಅಕ್ಕನಿಗೂ ಹಾಕಿ ಅತ್ತೆ.”

ಸಿದ್ದಮ್ಮ ಕೈಯಲ್ಲಿ ಅನ್ನದ ಪಾತ್ರೆ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತ ನಿಂತರು. ಬಾಗಿಲ ಹತ್ತಿರ ಇದ್ದ ಹೆಂಗಸರೂ ಪಿಸುಮಾತು ನಿಲ್ಲಿಸಿದರು. ಆಮೇಲೆ ಸಿದ್ದಮ್ಮ ಒಳಗೆ ಹೋಗಿ ಇನ್ನೊಂದು ಎಲೆ ತಂದು, ನೀರು ಚಿಮುಕಿಸಿ, ನನ್ನ ಮುಂದೆ ಹಾಸಿದರು. ಅನ್ನ ಬಡಿಸಿದರು, ಸಾರು ಬಡಿಸಿದರು. ನಾನು ತಂದ ಸಾರೇ ಅದು. ಅವಸರದಲ್ಲಿ ಎರಡು ಸಲ ಉಪ್ಪು ಹಾಕಿದ್ದೆನೆಂದು ಮೊದಲ ತುತ್ತಿಗೇ ಗೊತ್ತಾಯಿತು. ನೀಲು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಎಲೆ ಖಾಲಿಯಾಗುವವರೆಗೆ ಉಂಡೆವು.